ಕೊನೆಯ ಹನಿ ಪ್ರತಿಕಾಯ

...ಸೋಮವಾರ ಅಂತ ಬರೆದು ಹೊಡೆದುಹಾಕಿದೆ. ಸೋಮವಾರ ನಾಗಮಂಗಲದ ನಮ್ಮ ಬೀದಿಯಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ, ಚಿಕ್ಕಪ್ಪನ ಮಟನ್ ಅಂಗಡಿಯೂ ಮುಚ್ಚಿರುತ್ತದೆ. ಹಾಗಾದರೆ ನಾನು ಅಂಗಡಿಗೆ ಹೋದದ್ದು ಮಂಗಳವಾರವೇ ಇರಬೇಕು. ಎರಡೇ ವರ್ಷಕ್ಕೆ ನೆನಪು ಹೀಗೆ ಜಾರುತ್ತದೆ. ಉಳಿದದ್ದನ್ನೂ ಪೂರ್ತಿ ನಂಬಬೇಡಿ.

ನಾನಾಗ ಬೆಳ್ಳೂರು ಕಡೆಯ ಒಂದು ಕಾಲೇಜಿನಲ್ಲಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಜಠರದ ಒಳಪದರದ ಕೋಶಗಳನ್ನು ಉತ್ಕರ್ಷಣದ ಹಾನಿಯಿಂದ ಕಾಯುವ ಒಂದು ಕಿಣ್ವವಿದೆ. ಅದು ಯಾವ ಕೋಶದಲ್ಲಿದೆ ಎಂದು ತೋರಿಸುವುದು ನನ್ನ ಕೆಲಸ. ಆ ಕಿಣ್ವವನ್ನೇ ಹುಡುಕಿ ಹಿಡಿಯುವ ಪ್ರತಿಕಾಯವನ್ನು ತೆಳುವಾಗಿ ಕೊಯ್ದ ಜಠರದ ಚೂರಿನ ಮೇಲೆ ಹಾಕಿದರೆ, ಹಿಡಿದ ಕಡೆ ಕಂದು ಬಣ್ಣ ಬರಿಸಬಹುದು. ಜಠರ ಕುರಿಯದ್ದು. ಚಿಕ್ಕಪ್ಪ ಬೆಳಗ್ಗೆ ಪೊಟ್ಟಣ ಕಟ್ಟಿಡುತ್ತಿದ್ದರು, ನಾನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ.

ಮೂರು ಸಲ ಮಾಡಿದೆ. ಒಂದು ಚುಕ್ಕೆ ಕಂದೂ ಬರಲಿಲ್ಲ. ಇದ್ದ ನಾಲ್ಕು ಕೋಶಗಳೂ ಕಲಸಿಹೋದಂತಿದ್ದವು. ಕೊಯ್ಯುವ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ನನ್ನ ಕೆಲಸಕ್ಕೆ ಗೈಡ್ ಆಗಿದ್ದ ಮೇಡಂ ಬೈಯಲಿಲ್ಲ. ಇನ್ನೊಂದು ಸಲಕ್ಕಾಗುವಷ್ಟೇ ಪ್ರತಿಕಾಯ ಉಳಿದಿದೆ, ಇದೂ ಹೋದರೆ ವಿಷಯ ಬದಲಿಸಿ ಮುಂದಿನ ವರ್ಷ ಪ್ರಬಂಧ ಬರೆಯಬೇಕಾಗುತ್ತದೆ ಅಂದರು.

ಆ ಮಂಗಳವಾರ ಬೇಗನೆ ಅಂಗಡಿಗೆ ಹೋದೆ. ಚಿಕ್ಕಪ್ಪ ನನಗೆಂದು ತೆಗೆದಿಟ್ಟ ಜಠರವನ್ನು ಕುದಿನೀರಿಗೆ ಅದ್ದಿ, ಸುಣ್ಣ ಸವರಿ, ಚಾಕುವಿನಿಂದ ಕೆರೆಯುತ್ತಿದ್ದರು. ಬೋಟಿ ಸಾರಿಗೆ ಮಾಡುವ ಹಾಗೆ. ಮೊದಲಿಂದಲೂ ಹೀಗೇನಾ ಅಂತ ಕೇಳಿದೆ.

"ಇನ್ನೆಂಗವ್ವಾ? ಕಾಲೇಜ್ನೋರ್ ಮುಂದಿಡೋದು. ಗಲೀಜಾಗಿ ಕೊಟ್ಬುಟ್ರೆ ನಮ್ಮನೆ ಮಾನ ಏನಾಗ್ಬೇಕು?"

ನೀವು ಕೆರೆದು ಬಿಸಾಡಿದ ಒಳಪದರವೇ ನನಗೆ ಬೇಕಿದ್ದದ್ದು, ಕುದಿನೀರಿಗೆ ಉಳಿದದ್ದೂ ಕೆಡುತ್ತದೆ ಅಂತ ಬಿಡಿಸಿ ಹೇಳಿದೆ. ಅವರು ಚಾಕು ಕೆಳಗಿಟ್ಟರು.

"ಮೊದ್ಲೇ ಬಾಯ್ಬುಟ್ಟು ಏಳೋಕೇನಾಗಿತ್ತು ನಿಂಗೆ? ಇಷ್ಟೊಂದು ಓದಿದ್ದೀಯ."

ಆಮೇಲೆ ಆಗಷ್ಟೇ ಕೊಯ್ದ ಇನ್ನೊಂದು ಕುರಿಯ ಜಠರವನ್ನು ತೊಳೆಯದೆ ಡಬ್ಬಿಗೆ ಹಾಕಿಕೊಟ್ಟರು. ಮುಖ ಸಿಂಡರಿಸಿಕೊಂಡೇ.

ಆ ವಾರದ ಕೊನೆಯಲ್ಲಿ ಉಳಿದ ಪ್ರತಿಕಾಯವನ್ನೆಲ್ಲ ಹಾಕಿದೆ. ಸೂಕ್ಷ್ಮದರ್ಶಕದಲ್ಲಿ ಆಮ್ಲ ಸುರಿಸುವ ದಪ್ಪ ಕೋಶಗಳು ಒಂದೊಂದಾಗಿ ಕಂದಾಗಿ ಕಂಡವು. ಪ್ರತಿಕಾಯ ಹಾಕದೆ ಬಿಟ್ಟಿದ್ದ, ಅದೇ ಜಠರದ ಇನ್ನೊಂದು ಗಾಜಿನಲ್ಲಿ ಕಂದು ಬಂದಿರಲಿಲ್ಲ. ಅಂದರೆ ಈ ಬಣ್ಣ ಸುಳ್ಳಲ್ಲ. ಮೇಡಂ ಎರಡು ಸಲ ನೋಡಿ, "ಬಂದಿದೆ ಕಣೇ" ಅಂದರು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಅದನ್ನು ನೆನೆದರೆ ಈಗಲೂ ಎದೆ ಹಗುರಾಗುತ್ತದೆ. ಆದರೆ ತಪ್ಪೆಲ್ಲ ಚಿಕ್ಕಪ್ಪನ ಬಿಸಿನೀರಿನದೇ ಅಂತ ಹೇಳಲಾರೆ. ಆ ಮೂರು ಸಲದಲ್ಲಿ ನಾನೂ ಏನಾದರೂ ಮಾಡದೆ ಬಿಟ್ಟಿದ್ದೆನೇ? ಮತ್ತೆ ಮಾಡಿ ನೋಡಲು ಪ್ರತಿಕಾಯ ಉಳಿದಿರಲಿಲ್ಲ. ನನಗೆ ಗೊತ್ತಿಲ್ಲ.