ಪಾಲಿಶ್ ಕೆರೆದ ಪೈಪು

ದೊಡ್ಡಪ್ಪನ ಮಣ್ಣಿನ ಚಿಲುಮೆಯನ್ನು ಎಮ್ಮೆ ತುಳಿದದ್ದು ಅವನು ಜ್ವರದಿಂದ ಎದ್ದ ವಾರದಲ್ಲೇ. ಮಳೆಗಾಲದ ಜ್ವರ, ಜೊತೆಗೆ ಮೂಗು ಕಟ್ಟುವ ನೆಗಡಿ. ಹಾಸಿಗೆ ಹಿಡಿದಷ್ಟು ದಿನ ಅವನು ತಂಬಾಕು ಮುಟ್ಟಿರಲಿಲ್ಲ. ಎದ್ದವನೇ ಕೊಟ್ಟಿಗೆಯ ಗೂಡಿನಿಂದ ಚಿಲುಮೆ ತೆಗೆಯಲು ಹೋದ. ಕೈ ಜಾರಿ ಅದು ಕೆಳಗೆ ಬಿತ್ತು, ಎಮ್ಮೆ ಕಾಲಿಟ್ಟಿತು. ಚೂರುಗಳನ್ನು ಅಂಗೈಯಲ್ಲಿ ಹಿಡಿದು ಒಳಗೆ ಬಂದವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

ನಾನು ಅವನ ತಮ್ಮನ ಮಗ. ಇಟಗಿಯ ಹತ್ತಿರದ ನಮ್ಮ ಊರಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ನಾನು ಯಲಬುರ್ಗಾದ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ಆ ಭಾನುವಾರ ಜೊತೆಗಾರರೊಂದಿಗೆ ಅಂಜನಾದ್ರಿಗೆ ಹೋಗಿದ್ದೆ. ಬೆಟ್ಟ ಇಳಿದು ಹನುಮನಹಳ್ಳಿಯಲ್ಲಿ ನಡೆಯುವಾಗ, ಪರದೇಶದವರಿಗೆಂದು ಅಂಗಡಿಯೊಂದರಲ್ಲಿ ಇಟ್ಟಿದ್ದ, ತಂಬಾಕು ಸೇದುವ ಕಟ್ಟಿಗೆಯ ಪೈಪು ಕಂಡಿತು. ಕಡುಗೆಂಪು ಬಣ್ಣ, ಮುಖ ಕಾಣುವಂಥ ಪಾಲಿಶ್. ಇದು ಬಿದ್ದರೂ ಒಡೆಯದು ಎಂದುಕೊಂಡು ತಂದೆ.

"ಏನೋ ಇದು, ಸಾಹೇಬರ ಸಾಮಾನು!" ದೊಡ್ಡಪ್ಪ ನಕ್ಕ. ತಂಬಾಕು ತುಂಬಿ, ಕಡ್ಡಿ ಗೀರಿ ಎಳೆದ. ಪೈಪು ಕಾಯುತ್ತಲೇ ಹೊಸದಾಗಿ ಬಣ್ಣ ಬಳಿದ ಬಾಗಿಲಿನಂಥ ವಾಸನೆ ಪಕ್ಕದಲ್ಲಿ ಕೂತ ನನ್ನ ಮೂಗಿಗೇ ಅಡರಿತು. ಅವನು ಎರಡು ಸಲ ಎಳೆದು ನಿಲ್ಲಿಸಿದ.

"ಇದರಾಗ ತಂಬಾಕದ ರುಚೀನ ಇಲ್ಲಲ್ಲೋ ತಮ್ಮಾ."

"ಪಾಲಿಶ್ ವಾಸನಿ ಹೊಡ್ಯಾಕತ್ತೈತಿ ದೊಡ್ಡಪ್ಪಾ. ಅದಕ್ಕ ರುಚಿ ಕೆಟ್ಟೈತಿ."

"ಯಾವ ವಾಸನಿ?"

ನನಗೆ ಬೇಜಾರಾಗದಿರಲಿ ಎಂದು ಹಾಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಉಪ್ಪುಕಾಗದ ತಂದು ಹೊರಗೂ ಒಳಗೂ ಪಾಲಿಶ್ ಕೆರೆದೆ. ಸಂಜೆಯ ಹೊತ್ತಿಗೆ ಬರಿ ಕಟ್ಟಿಗೆ ಉಳಿದಿತ್ತು. ಮತ್ತೆ ಸೇದಿ ನೋಡಿದ. "ಬರೇ ಬಿಸಿ ಗಾಳಿ" ಎಂದು ಪೈಪನ್ನು ಮೆಲ್ಲಗೆ ಕೆಳಗಿಟ್ಟ.

ಮಣ್ಣಿನ ಚಿಲುಮೆಯನ್ನೇ ತರೋಣವೆಂದು ಕೊಪ್ಪಳದ ಸಂತೆಗೆ ಹೋದೆ. ಅಲ್ಲಿ ಮಡಕೆ ಮಾರುವ ಹೆಂಗಸಿನ ಹತ್ತಿರ ಬಣ್ಣ ಹಚ್ಚಿದ ಚಿಲುಮೆಗಳೂ ಇದ್ದವು, ಹಚ್ಚದವೂ ಇದ್ದವು. ಬಣ್ಣಕ್ಕೆ ಹೊಗೆಯ ರುಚಿ ಬದಲಾಗುತ್ತದೆಯೇ ಎಂದು ಕೇಳಿದೆ.

"ಹೊರಗ ಹಚ್ಚಿದ್ದು ಹೊಗಿಗೆ ಹ್ಯಾಂಗ ಮುಟ್ಟತೈತ್ರಿ? ಕಾದಾಗ ಒಂದೀಟು ನಾರತೈತಿ, ನಾಕು ಸಲ ಸೇದಿದರ ಹೋಗತೈತಿ. ಒಳಗ ಹಚ್ಚಿದರ ಮಾತ್ರ ಕೆಡತೈತ್ರಿ."

ಯಾಕೆ ಬೇಕು ಎಂದು ಬಣ್ಣವಿಲ್ಲದ್ದನ್ನೇ ತಂದೆ. ದೊಡ್ಡಪ್ಪ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಕಣ್ಣು ಮುಚ್ಚಿ ಉದ್ದಕ್ಕೆ ಎಳೆದ. ಕಣ್ಣು ತೆರೆದು, "ತಂಬಾಕ ಬ್ಯಾರೇದು ತಂದೀಯೇನು?" ಎಂದ. ತಂಬಾಕು ಯಾವಾಗಿನದೇ ಆಗಿತ್ತು.

ಮರುದಿನ ಬೆಳಿಗ್ಗೆ ದೊಡ್ಡವ್ವ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದಳು. ಜಳಕಕ್ಕೆ ಹೊರಟಿದ್ದ ನಾನು ಸೀದ ವಾಸನೆಗೆ ಓಡಿ ಬಂದೆ. ಹಾಲು ಉಕ್ಕಿ, ತಳ ಹತ್ತಿ, ಅಡುಗೆಮನೆಯೆಲ್ಲ ಕಮಟು. ಒಲೆಗೆ ಬೆನ್ನು ಕೊಟ್ಟು ಕೂತ ದೊಡ್ಡಪ್ಪ ಬಾಗಿಲಾಚೆ ರಸ್ತೆ ನೋಡುತ್ತಿದ್ದ.

"ಅಲ್ರೀ, ಇಲ್ಲೇ ಕುಂತೀರಿ, ಮೂಗಿಲ್ಲೇನು ನಿಮಗ?" ದೊಡ್ಡವ್ವ ಹಿತ್ತಲಿನಿಂದಲೇ ಕೂಗುತ್ತ ಬಂದಳು.

ಅವನು ತಿರುಗಿದ. ಕರಕಲಾದ ಪಾತ್ರೆಯ ಹತ್ತಿರ ಮುಖ ಒಯ್ದು ಮೂಸಿದ. ಮತ್ತೊಮ್ಮೆ ಮೂಸಿದ.

"ಇಲ್ಲ" ಎಂದ. "ಏನೂ ಬರವಲ್ದು."

ದೊಡ್ಡವ್ವನ ಕೈಯಲ್ಲಿದ್ದ ಕೊತ್ತಂಬರಿ ಹಾಗೇ ಇತ್ತು. ನಾನು ಒಲೆಯ ಉರಿ ಆರಿಸಿದೆ.

ಕೊಪ್ಪಳದ ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. "ಜ್ವರ ಬಂದು ಹೋದಮ್ಯಾಲ ಕೆಲವರಿಗೆ ಹಿಂಗ ಆಗತೈತ್ರಿ. ವಾಸನಿ ಹೋದರ ರುಚೀನೂ ಹೋದಂಗ. ತಿರುಗಿ ಬರಬಹುದು, ಬರದನೂ ಇರಬಹುದು. ದಿನಾ ಲವಂಗ, ನಿಂಬಿಹಣ್ಣು ಮೂಸ್ರಿ."

"ಗುಳಿಗಿ ಏನಾರ?" ನಾನು ಕೇಳಿದೆ.

"ಇದಕ್ಕ ಅಂತ ಗುಳಿಗಿ ಇಲ್ರಿ." ತಂಬಾಕನ್ನೂ ಬಿಡಬೇಕು ಎಂದರು. ದೊಡ್ಡಪ್ಪ ತಲೆಯಾಡಿಸಿದ. ಊರು ಬರುವವರೆಗೂ ಬಸ್ಸಿನ ಕಿಟಕಿ ಬಿಟ್ಟು ಈ ಕಡೆ ತಿರುಗಲಿಲ್ಲ.

ತಂಬಾಕನ್ನೇನೋ ಅವನು ಅಂದೇ ಬಿಟ್ಟ. ಬಿಡು ಬಿಡು ಎಂದು ನಾವೆಲ್ಲ ವರ್ಷಗಟ್ಟಲೆ ಬಡಿದುಕೊಂಡಿದ್ದೆವು. ದೊಡ್ಡವ್ವ ಊಟ ಬಿಟ್ಟು ಕೂತದ್ದೂ ಉಂಟು. ಈಗ ಬಿಟ್ಟಾಗ ಮನೆಯಲ್ಲಿ ಯಾರಿಗೂ ಖುಷಿಪಡಲಾಗಲಿಲ್ಲ. ನೆರೆಯವರು, "ಛಲೋ ಮಾಡಿದ್ರಿ ಬಿಡ್ರಿ, ಆರೋಗ್ಯಕ್ಕ ಛಲೋ" ಅಂದರೆ ಅವನು "ಹೂನ್ರಿ" ಎಂದು ಎಮ್ಮೆಗೆ ಮೇವು ಹಾಕಲು ಏಳುತ್ತಾನೆ.

ವರ್ಷದ ಮೇಲಾಯಿತು. ದಿನಾ ಬೆಳಿಗ್ಗೆ ಲವಂಗ ಮೂಗಿಗೆ ಹಿಡಿಯುತ್ತಾನೆ. ಮೊದಮೊದಲು ನಾನು "ಬಂತೇನು?" ಎಂದು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಮೊನ್ನೆ ದೊಡ್ಡವ್ವ ಶೇಂಗಾದ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಕುಟ್ಟಿ ರೊಟ್ಟಿಯ ಜೊತೆ ಬಡಿಸಿ, ಅಲ್ಲೇ ನಿಂತು, "ಹ್ಯಾಂಗಾಗೈತ್ರಿ?" ಎಂದಳು.

"ಭಾಳ ಛಲೋ ಆಗೈತಿ" ಎಂದ ದೊಡ್ಡಪ್ಪ.

ಅವಳು ಇನ್ನೊಂದು ಚಮಚ ಹಾಕಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ ನನಗೆ ಗೊತ್ತಿತ್ತು, ಆ ದಿನ ಅವಳು ಹಿಂಡಿಗೆ ಬೆಳ್ಳುಳ್ಳಿ ಹಾಕುವುದನ್ನೇ ಮರೆತಿದ್ದಳು. ನಾನೂ ಛಲೋ ಆಗೈತಿ ಅಂದೆ.