ಮೀಸೆಗೂ ಒಂದು ಗುಡ್ಲು

ಇವತ್ತು ನನ್ನ ಏಳನೇ ತರಗತಿಯ ಪಾಠ ಎಲ್ಲಿಗೆ ಹೋಗಿ ನಿಂತಿತು ಕೇಳಿ, ಸ್ನೇಹಿತರೇ. ಹರೆಯದಲ್ಲಿ ಮೈ ಬದಲಾಗುವುದನ್ನು ವಿವರಿಸಿ, "ನಾಚಿಕೆ ಬಿಟ್ಟು ಏನು ಬೇಕಾದರೂ ಕೇಳಿ" ಎಂದೆ. ಕಟ್ಟಾಯದ ರಂಗಸ್ವಾಮಿ ಚಿಗುರುಮೀಸೆ ಸವರುತ್ತ ಎದ್ದ.

"ಸಾ, ಎಣ್ಮಕ್ಳು ದೊಡ್ಡೋರಾದ್ರೆ ಸೋದರಮಾವ ಸೊಪ್ಪಿನ ಗುಡ್ಲು ಆಕ್ತಾನೆ, ಕೊಬ್ರಿ ಬೆಲ್ಲ ತಿನ್ನುಸ್ತಾರೆ. ಮೀಸೆ ಬಂದ್ರೆ ನಮ್ಗೇನೂ ಇಲ್ವಾ?"

ತಲೆ ತಗ್ಗಿಸಿ ಕೂತಿದ್ದ ಜಯಮ್ಮ ದಡಕ್ಕನೆ ಎದ್ದಳು. "ಗುಡ್ಲು ಆಕುದ್ಮೇಲೆ ಇಸ್ಕೂಲ್ ಬುಡುಸ್ತಾರೆ ಸಾ. ಅವ್ನೇ ಓಗಿ ಕುಂತ್ಕಳ್ಳಿ. ನಾನು ಏಳ್ನೇ ಕ್ಲಾಸಿನ್ ಎಲ್ಲೆಸ್ ಪರೀಕ್ಷೆ ಕಟ್ತೀನಿ."

"ಇಸ್ಕೂಲೂ ಬುಡುಸ್ತಾರಾ? ಅಂಗಾದ್ರೆ ನಾಳೇನೇ ಆಕ್ಸಿ ಸಾ!" ಎಂದ ರಂಗಸ್ವಾಮಿ.

ಗುಡ್ಲು ಅವನಿಗೆ, ಪರೀಕ್ಷೆ ಅವಳಿಗೆ; ಇಬ್ಬರಿಗೂ ಒಪ್ಪಿಗೆಯೇ. ಇದನ್ನು ಜಯಮ್ಮನ ಸೋದರಮಾವನಿಗೆ ತಿಳಿಸುವ ಕೆಲಸ ಮಾತ್ರ ಮೇಷ್ಟ್ರಾದ ನನ್ನದಂತೆ. ಆಮೇಲೆ ಅವಿತುಕೊಳ್ಳಲು ನನಗೇ ಒಂದು ಗುಡ್ಲು ಬೇಕಾದೀತು.