ಸೆರಗಿನೊಳಗಿನ ಎಡಗೈ

“ನಿನಗ ಯಾರು ಕಳಿಸ್ಯಾರ? ನನ್ನ ಮಗನೋ, ಸೊಸಿನೋ?”

ಕಮಲಾಪುರದ ಆ ಮುದುಕಿ ಹೀಗೆ ಕೇಳಿದಾಗ ಅಳತೆಪಟ್ಟಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಆಗ ನಾನು ಕಲಬುರಗಿಯಲ್ಲಿ ಅಂಗರಚನಾಶಾಸ್ತ್ರ ಓದುತ್ತಿದ್ದೆ. ವಯಸ್ಸಾದವರ ಎಡಗೈ, ಬಲಗೈಗಳನ್ನು ಹೋಲಿಸುವ ಸಂಶೋಧನೆಗೆಂದು ಮನೆಮನೆ ತಿರುಗುತ್ತಿದ್ದೆ. ನನ್ನನ್ನು ಯಾರೂ ಕಳಿಸಿಲ್ಲವೆಂದರೂ ಆಕೆ ನಂಬಲಿಲ್ಲ. ಬಲಗೈ ಮಾತ್ರ ಚಾಚಿದಳು. ಒತ್ತಾಯಿಸಿದಾಗ ಬಾಗಿಲು ಮುಂದೆ ಮಾಡಿ, ಸೆರಗಿನೊಳಗಿನ ಎಡಗೈ ತೋರಿಸಿದಳು. ಮಣಿಕಟ್ಟು ಮುರಿದು ಬಾತುಕೊಂಡಿತ್ತು.

“ಮಗ, ಸೊಸಿ ಸೋಡಚೀಟಿ ಬರಕೊಂಡು, ಗಂಡ ಹೆಂಡತಿ ಸಂಬಂಧ ಹರಕೊಂಡು ಬ್ಯಾರೆ ಆಗಾಕತ್ತಾರ. ನಾ ಯಾರ ಬಲ್ಲಿ ಇರಬೇಕಂತ ನಾಳಿಗಿ ಹಿರಿಯರು ಕೇಳ್ತಾರ. ಕೈ ಮುರದದ ಅಂತ ಗೊತ್ತಾದ್ರ ಇಬ್ರೂ ಒಲ್ಲೆ ಅಂತಾರ. ಯಾರ ಮುಂದೂ ಹೇಳಬ್ಯಾಡ ಯವ್ವಾ.”

ಕೈಗೆ ಬಟ್ಟೆ ಕಟ್ಟಿ, ಕಲಬುರಗಿಯ ಆಸ್ಪತ್ರೆಗೆ ಬರಲೇಬೇಕೆಂದು ಹೇಳಿ ಎದ್ದೆ. ಹೊರಗೆ ಬಾಗಿಲ ಬಳಿಯೇ ಸೊಸೆ ನಿಂತಿದ್ದಳು. “ಅತ್ತಿ ಏನಂದಳ್ರಿ?” ಎಂದಳು. ಕದ್ದು ಕೇಳುತ್ತಿದ್ದಳೆಂದೇ ಅನಿಸಿ, ಮುಖ ತಿರುಗಿಸಿಕೊಂಡು ಬಂದುಬಿಟ್ಟೆ.

ಮೂರನೆಯ ದಿನ ಅತ್ತೆಯನ್ನು ಆಸ್ಪತ್ರೆಗೆ ಕರೆತಂದವಳು ಅದೇ ಸೊಸೆ. ಅತ್ತೆ ತನ್ನ ಬಳಿಯೇ ಇರಲೆಂದು ಹಿರಿಯರ ಮುಂದೆ ಕೇಳಿಕೊಂಡಿದ್ದಳಂತೆ. ಕೈ ಮುರಿದದ್ದು ಆಮೇಲೆ ತಿಳಿಯಿತೇ ಎಂದೆ.

“ಮದಲೇ ಗೊತ್ತಿತ್ತರಿ. ಆಕಿ ಬಡದ ರೊಟ್ಟಿ ದಪ್ಪ ಆದಾಗೇ ತಿಳೀತು.”

ಮುದುಕಿಯ ಸಂಶಯಕ್ಕೆ ಭಯವಾದರೂ ಕಾರಣವಿತ್ತು. ನನ್ನ ಸಂಶಯಕ್ಕೆ ಏನೂ ಇರಲಿಲ್ಲ. ಎಕ್ಸ್‌ರೇ ಕೋಣೆಯ ದಾರಿ ತೋರಿಸುವಾಗಲೂ ಆ ಸೊಸೆಯ ಮುಖ ನೋಡಲು ನನ್ನಿಂದಾಗಲಿಲ್ಲ.